ನೂರಾ ಹದಿನಾಲ್ಕನೇ ಕಪ್ಪೆ

ಹೆಬ್ಬಾಳದಲ್ಲಿ ಮುನಿಶಾಮಿ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮುನಿಶಾಮಿಗಳಿಗೇನು ಬರ, ಬೀದಿಗಿಬ್ಬರಂತೆ ಇದ್ದರು. ‘ಕಪ್ಪೆ ಮುನಿಶಾಮಿ’ ಎಂದು ಕೇಳಬೇಕು. ಆಗ ಹಾಲು ಕರೆಯುತ್ತಿದ್ದವಳೂ ಚೊಂಬು ಕೆಳಗಿಟ್ಟು ಬಂದು, ಮನೆ ತೋರಿಸಿ, ಜೊತೆಗೆ ಅವನ ಪುರಾಣವನ್ನೂ ಹೇಳಿ ಕಳಿಸುತ್ತಿದ್ದಳು. ಊರಿನ ಯಾರ ಹಿತ್ತಿಲಿಗೆ ಬೇಕಾದರೂ ನುಗ್ಗಿ, ಬಚ್ಚಲ ನೀರು ಹರಿಯುವಲ್ಲಿ ಕುಕ್ಕರುಗಾಲಲ್ಲಿ ಕೂತು, ಕಲ್ಲು ಮಗುಚಿ ನೋಡುವ ಹಕ್ಕು ಅವನೊಬ್ಬನಿಗಿತ್ತು. ಹಾಗಾಗಿ ಯಾವ ಮನೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದೂ ಅವನ ಕಿವಿಗೆ ಬೀಳುತ್ತಿತ್ತು. ಬಾಯಿ ಬಿಡುವ ಪೈಕಿ ಅಲ್ಲದ್ದರಿಂದ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಇದು ಶುರುವಾದದ್ದು ಐವತ್ತೊಂದನೇ ಇಸವಿಯಲ್ಲಿ. ಯಶವಂತಪುರದ ರೈಲು ಸ್ಟೇಷನ್ನಿನ ಆಚೆ ಒಂದು ಹೆಂಚಿನ ಮನೆಯಲ್ಲಿ ಡಾಕ್ಟರ್ ತುಂಗಾ ಎಂಬುವರು ಸಂಶೋಧನೆ ನಡೆಸುತ್ತಿದ್ದರು. ಮೂವತ್ತೈದರ ಹೆಂಗಸು, ದಪ್ಪ ಕನ್ನಡಕ, ಅಳೆದು ತೂಗಿ ಮಾತು. ಅವರಿಗೆ ನೆಲಗಪ್ಪೆ ಬೇಕಾಗಿತ್ತು, ಅದರಲ್ಲೂ ಗಂಡು. ಜಟಕಾ ಮಾಡಿಕೊಂಡು ಹೆಬ್ಬಾಳದ ಕೆರೆಯಂಗಳಕ್ಕೆ ಬಂದು, ಕೋಲಿಗೆ ಕಟ್ಟಿದ ಬಲೆ ಹಿಡಿದು ಎರಡು ಗಂಟೆ ಓಡಾಡಿದರು. ಸಿಕ್ಕಿದ್ದು ಒಂದು. ಅಲ್ಲೇ ತೋಟಕ್ಕೆ ನೀರು ಕಟ್ಟುತ್ತಿದ್ದ ಮುನಿಶಾಮಿ ನೋಡುವಷ್ಟು ನೋಡಿ, ಗುದ್ದಲಿ ಒರಗಿಸಿ, ಬಾವಿಕಟ್ಟೆಯ ಬುಡದ ಕಲ್ಲೆತ್ತಿ ಬರಿಗೈಯಲ್ಲಿ ಮೂರು ಹಿಡಿದು ತಂದ.

“ಇವೆರಡು ಗಂಡು, ಇದೊಂದು ಎಣ್ಣು. ನೀವ್ ಇಡ್ದಿರೋದೂ ಎಣ್ಣೇ,” ಎಂದ.

“ನೋಡಿದ ತಕ್ಷಣ ಅದು ಹೇಗೆ ಹೇಳ್ತೀಯಪ್ಪ?”

“ಎರಡೂ ಪಕ್ಕೆ ಇಡ್ಕೊಂಡು ಒಸಿ ಅಮುಕಿ ಅಮ್ಮಾವ್ರೇ. ಗಂಡಾದ್ರೆ ಬೈತದೆ. ಎಣ್ಣು ಸುಮ್ಕಿರ್ತದೆ.”

ತುಂಗಾ ಅಮುಕಿದರು. ಎರಡು ಕಪ್ಪೆಗಳು ಕೊರ್ ಕೊರ್ ಎಂದು ಬೈದವು. ಉಳಿದವು ಬಾಯಿಗೆ ಬೀಗ ಹಾಕಿಕೊಂಡು ಕೂತವು. ಮನುಷ್ಯರಲ್ಲಿ ಹೇಗೋ ಏನೋ, ಆ ಜಗಳ ನಮಗೇಕೆ. ನೆಲಗಪ್ಪೆಯ ಸಂಸಾರದಲ್ಲಿ ಮಾತ್ರ ಕೂಗಾಡುವವನು ಗಂಡಸೇ. ಅಂದಿನಿಂದ ವಾರಕ್ಕೆ ಆರು ಗಂಡು ನೆಲಗಪ್ಪೆಗಳನ್ನು ಒದ್ದೆ ಗೋಣಿ ಮುಚ್ಚಿದ ಬುಟ್ಟಿಯಲ್ಲಿಟ್ಟು, ಸೈಕಲ್ಲಿಗೆ ಕಟ್ಟಿ, ಮತ್ತಿಕೆರೆ ಮೇಲೆ ಯಶವಂತಪುರಕ್ಕೆ ಮುಟ್ಟಿಸುವ ಕೆಲಸ ಮುನಿಶಾಮಿಯದಾಯಿತು. ಅಲ್ಲಿನ ಕಪ್ಪೆಗಳನ್ನು ನೋಡಿಕೊಳ್ಳುವ ಹೊಣೆಯೂ ಅವನಿಗೇ ಬಂತು.

ಸಂಶೋಧನೆ ಏನೆಂದರೆ, ಬಸುರಿ ಹೆಂಗಸಿನ ಮೂತ್ರವನ್ನು ಗಂಡು ಕಪ್ಪೆಯ ಬೆನ್ನಿನ ಚರ್ಮದಡಿ ಸೂಜಿಯಲ್ಲಿ ಏರಿಸಿದರೆ, ಮೂರು ಗಂಟೆಯೊಳಗೆ ಕಪ್ಪೆಯ ಮೂತ್ರದಲ್ಲಿ ಅದರ ವೀರ್ಯಾಣುಗಳು ಕಾಣಿಸಿಕೊಳ್ಳುತ್ತವೆ. ಬಸುರಿಯಲ್ಲದಿದ್ದರೆ ಏನೂ ಇಲ್ಲ. ಕಪ್ಪೆಗೂ ಪ್ರಾಣಾಪಾಯವಿಲ್ಲ, ಮೂರು ವಾರ ವಿಶ್ರಾಂತಿ ಕೊಟ್ಟರೆ ಮತ್ತೆ ಕೆಲಸಕ್ಕೆ ತಯಾರು. ಇದು ಪರದೇಶದವರು ತಮ್ಮ ಕಪ್ಪೆಗಳಿಂದ ಕಂಡುಕೊಂಡ ವಿದ್ಯೆ. ನಮ್ಮ ಬಚ್ಚಲ ಕಪ್ಪೆಗೂ ಆ ಯೋಗ್ಯತೆ ಇದೆಯೋ ಎಂದು ಇನ್ನೂರು ಹೆಂಗಸರ ಮೇಲೆ ನೋಡಿ, ಅವರಿಗೆ ಹೆರಿಗೆಯಾಯಿತೋ ಇಲ್ಲವೋ ಎಂದು ತಾಳೆ ಹಾಕಿ, ಬರೆದು ಪ್ರಕಟಿಸಬೇಕೆಂದು ತುಂಗಾ ಹಟ ತೊಟ್ಟಿದ್ದರು.

“ನೋಡು ಮುನಿಶಾಮಿ, ಬುಟ್ಟಿಯಲ್ಲಿ ಒಂದೇ ಒಂದು ಹೆಣ್ಣು ನುಸುಳಿದರೂ ಅದು ಬಸುರಿಯನ್ನೂ ಬಸುರಿಯಲ್ಲ ಅಂದುಬಿಡತ್ತೆ. ಆಮೇಲೆ ನನ್ನ ಬರಹವನ್ನ ಯಾರೂ ನಂಬೋದಿಲ್ಲ. ಅಂಥದ್ದು ನಡೆದರೆ ನಿನ್ನ ಕೆಲಸ ಅವತ್ತಿಗೆ ಮುಗೀತು,” ಎಂದು ಮೊದಲ ದಿನವೇ ಹೇಳಿದ್ದರು. ಮುನಿಶಾಮಿ ಒಂದೊಂದು ಕಪ್ಪೆಯನ್ನೂ ಅಮುಕಿ, ಬೈಸಿಕೊಂಡೇ ಬುಟ್ಟಿಗೆ ಹಾಕುತ್ತಿದ್ದ. ಎರಡು ವರ್ಷದಲ್ಲಿ ಒಂದೂ ತಪ್ಪಾಗಿರಲಿಲ್ಲ. ತುಂಗಾ ಅವರೂ ಮತ್ತೆ ಅಮುಕಿ ನೋಡುವುದನ್ನು ಬಿಟ್ಟಿದ್ದರು.

ಇನ್ನು ಮುನಿಶಾಮಿಯ ತಂಗಿ ಯಲ್ಲಮ್ಮನ ವಿಷಯ. ಅವಳನ್ನು ಗೊರಗುಂಟೆಪಾಳ್ಯದ ಅಶ್ವತ್ಥಪ್ಪನಿಗೆ ಕೊಟ್ಟು ಏಳು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಶ್ವತ್ಥಪ್ಪ ಒಳ್ಳೆಯವನೇ, ಪಾಪ. ತಾಯಿಯ ಎದುರು ಮಾತ್ರ ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ತಾಯಿ ದೊಡ್ಡಮುನಿಯಮ್ಮ ಗಯ್ಯಾಳಿಯೇನಲ್ಲ. ಸೊಸೆಗೆ ಒಂದು ದಿನವೂ ಕೈ ಮಾಡಿದವಳಲ್ಲ, ಉಪವಾಸ ಕೆಡವಿದವಳಲ್ಲ. ಆಡಿದ ಮಾತನ್ನು ಆಡಿದಂತೆ ನಡೆಸುವವಳು, ಅದೇ ತೊಂದರೆ. ಐವತ್ತಮೂರರ ಬೇಸಿಗೆಯಲ್ಲಿ ಅವಳು ಮಗನಿಗೆ ಎರಡನೇ ಹೆಣ್ಣು ತರುವುದೆಂದು ನಿಶ್ಚಯಿಸಿದಳು. ಹುಡುಗಿ ನೆಲಮಂಗಲದ ಕಡೆಯವಳು. ಬರುವ ಬುಧವಾರ ಸಂಜೆ ತಾಂಬೂಲ ಬದಲಾಯಿಸುವುದೆಂದಾಯಿತು.

ಸುದ್ದಿ ಕೇಳಿ ಓಡಿ ಬಂದ ಅಣ್ಣನನ್ನು ಯಲ್ಲಮ್ಮ ಹುಲ್ಲಿನ ಬಣವೆಯ ಹಿಂದಕ್ಕೆ ಕರೆದಳು.

“ಅಣ್ಣ, ತಿಂಗಳು ತಪ್ಪಿ ಇಪ್ಪತ್ತು ದಿನ ಮ್ಯಾಲಾಗೈತೆ. ಇಂದೆ ಎರಡು ಸಲ ಇಂಗೇ ಆಗಿ, ಎಲ್ಲಾರ್ಗೂ ಏಳಿ, ಆಮ್ಯಾಕೆ ಏನೂ ಇಲ್ಲ ಅನ್ನಿಸ್ಕೊಂಡಿವ್ನಿ. ಈಗ ಏಳಿದ್ರೆ ತಾಂಬೂಲ ತಪ್ಪಿಸಾಕೆ ನಾಟ್ಕ ಆಡ್ತಾಳೆ ಅಂತಾರೆ.”

“ಗಂಡಂಗೆ ಏಳಿದ್ಯಾ?”

“ಏಳ್ದೆ. ಅಮ್ಮನ್ನ ಒಂದ್ ಮಾತು ಕೇಳ್ತೀನಿ ಅಂದ. ಇನ್ನೂ ಕೇಳ್ತಾನೇ ಅವ್ನೆ.”

ಮುನಿಶಾಮಿ ನೇರವಾಗಿ ದೊಡ್ಡಮುನಿಯಮ್ಮನ ಬಳಿ ಹೋಗಿ ಕಪ್ಪೆಯ ಪರೀಕ್ಷೆಯ ವಿಚಾರ ಹೇಳಿದ. ಡಾಕ್ಟರು, ಸೂಜಿ, ಬರಹ ಯಾವುದಕ್ಕೂ ಅವಳು ಸೊಪ್ಪು ಹಾಕಲಿಲ್ಲ. ಕಪ್ಪೆ ಎಂದಾಗ ಮಾತ್ರ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಮಳೆ ಬರೋದು ಮೂರ್ ದಿನ ಮುಂಚೆ ಅದ್ಕೆ ಗೊತ್ತಾಯ್ತದೆ. ಕೂಸು ಬರೋದು ಯಾಕ್ ಗೊತ್ತಾಗಾಕಿಲ್ಲ? ಆಗ್ಲಿ. ಕಪ್ಪೆ ಊಂ ಅಂದ್ರೆ ತಾಂಬೂಲ ನಿಲ್ಲಿಸ್ತೀನಿ. ಊಹೂಂ ಅಂದ್ರೆ ಬುಧವಾರ ನೀನೇ ಬಂದು ತಂಗೀನ ಕರ್ಕೊಂಡ್ ಓಗ್ಬೇಕು. ಆಮ್ಯಾಕೆ ಮಾತಿಲ್ಲ.”

ಮುನಿಶಾಮಿ ಒಪ್ಪಿಕೊಂಡು ಬಂದ. ಕಪ್ಪೆಯ ಮೇಲೆ ಅವನಿಗೆ ಅಷ್ಟು ನಂಬಿಕೆ. ತುಂಗಾ ಅವರೂ, “ಇನ್ನೂರು ಜನ ಬೇಕೇ ಬೇಕಲ್ಲ, ನಿನ್ನ ತಂಗಿ ನೂರಾ ಹದಿನಾಲ್ಕನೆಯವಳಾಗ್ತಾಳೆ. ಬುಧವಾರ ಬೆಳಿಗ್ಗೆ ಸೀಸೆ ತಂದುಕೊಡು,” ಎಂದರು.

ಇಷ್ಟರಲ್ಲಿ ಹೆಬ್ಬಾಳದಲ್ಲಿ ಇನ್ನೊಂದು ಮದುವೆಯ ಮಾತು ಎದ್ದಿತು. ಆ ವರ್ಷ ಮಳೆ ತಡವಾಗಿತ್ತು. ಊರ ಯಜಮಾನ ಬ್ಯಾಟರಾಯಪ್ಪ ಸೋಮವಾರ ನಾಲ್ಕು ಜನರನ್ನು ಕಟ್ಟಿಕೊಂಡು ಮುನಿಶಾಮಿಯ ಮನೆ ಮುಂದೆ ನಿಂತ. ಕಪ್ಪೆ ಮದುವೆ ಮಾಡಬೇಕು, ಗಂಡು ಹೆಣ್ಣು ಕೊಡು ಎಂದ. ಹಿಂದಿನ ಸಲ ತಾವೇ ಹಿಡಿದು ಎರಡು ಗಂಡುಗಳಿಗೆ ಮದುವೆ ಮಾಡಿ, ಒಂದು ಹನಿಯೂ ಬೀಳದೆ ಊರೂರಲ್ಲಿ ನಗೆಪಾಟಲಾಗಿದ್ದರು. ಈ ಸಲ ಗುರುತು ಬಲ್ಲವನೇ ಆರಿಸಲಿ ಎಂಬುದು ಊರಿನ ತೀರ್ಮಾನ.

ಬೇಸಿಗೆಯಲ್ಲಿ ಕಪ್ಪೆ ಸಿಗುವುದೇ ಕಷ್ಟ. ಮುನಿಶಾಮಿ ವಾರವೆಲ್ಲ ಕಲ್ಲು ಮಗುಚಿ ಐದು ಗಂಡು ಕೂಡಿಸಿದ್ದ, ಇನ್ನೊಂದು ಬೇಕಾಗಿತ್ತು. ಆ ಐದರಲ್ಲೇ ಲಕ್ಷಣವಾಗಿದ್ದ ಒಂದನ್ನು ವರ ಮಾಡಿದ. ಯಜಮಾನನ ಬಚ್ಚಲಲ್ಲೇ ಸಿಕ್ಕ ದಪ್ಪನೆಯ ಹೆಣ್ಣೊಂದು ವಧುವಾಯಿತು. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ದಾರದ ತಾಳಿ ಕಟ್ಟಿ, ಹೆಂಗಸರು ಸೋಬಾನೆ ಹೇಳಿದರು. ವಧುವಿನ ಕಡೆಯವನಾದ್ದರಿಂದ ಬ್ಯಾಟರಾಯಪ್ಪ ಪಾನಕ ಹಂಚಿದ. ಮದುವೆ ಏನೋ ಚೆನ್ನಾಗಿಯೇ ಆಯಿತು. ಜೋಡಿಯನ್ನು ಕೆರೆಗೆ ಬಿಡಲು ಹೋದರೆ ಕೆರೆಯ ಅಂಚೆಲ್ಲ ಬಿರುಕು ಬಿಟ್ಟ ಕೆಸರು, ನಡುವೆ ಸ್ವಲ್ಪ ನೀರು, ನೀರಿನ ಸುತ್ತ ಸಾಲಾಗಿ ಕೊಕ್ಕರೆಗಳು.

“ಇಲ್ಲಿ ಬಿಟ್ರೆ ಕೊಕ್ಕರೆ ಪಾಲು. ಮಳೆ ಬರೋಗಂಟ ನಿನ್ನತ್ರಾನೇ ಮಡಿಕ್ಕೊ ಮುನಿಶಾಮಿ,” ಎಂದ ಬ್ಯಾಟರಾಯಪ್ಪ. “ಒಂದು ಮಾತು ಮಾತ್ರ ನೆಪ್ಪಿರ್ಲಿ. ಜೋಡಿ ಅಗಲಿಸ್ಬ್ಯಾಡ. ತಾಳಿ ಕಟ್ಟಿದ ಮ್ಯಾಲೆ ಅವನೊಂದ್ ಕಡೆ ಇವಳೊಂದ್ ಕಡೆ ಆದ್ರೆ ಊರಿಗೇ ಆಗಿಬರಾಕಿಲ್ಲ.”

ಮಂಗಳವಾರ ಬೆಳಿಗ್ಗೆ ಮುನಿಶಾಮಿ ಬುಟ್ಟಿಯ ಮುಂದೆ ಕೂತು ತಲೆ ಕೆರೆದುಕೊಂಡ. ನಾಲ್ಕು ಗಂಡು ಇವೆ. ವರನನ್ನು ಸೇರಿಸಿದರೆ ಐದು. ವರನನ್ನು ಒಯ್ದರೆ ವಧುವನ್ನು ಬಿಟ್ಟು ಹೋಗುವ ಹಾಗಿಲ್ಲ. ಇಬ್ಬರನ್ನೂ ಒಯ್ದರೆ ಸರಿಯಾಗಿ ಆರು. ಲೆಕ್ಕ ಎಷ್ಟು ಚೆನ್ನಾಗಿ ಕೂತಿತೆಂದರೆ ಅವನಿಗೇ ಭಯವಾಯಿತು. ಅಗಲಿಸಿದರೆ ಊರಿಗೆ ಕೇಡು, ಅಗಲಿಸದಿದ್ದರೆ ತನ್ನ ಕೆಲಸಕ್ಕೆ ಕೇಡು. ಹೇಗೂ ವಾರಕ್ಕೆ ಆರೂ ಕಪ್ಪೆ ಬಳಕೆಯಾಗುವುದಿಲ್ಲ, ಬಳಸುವ ಮುಂಚೆ ಸಮಯ ನೋಡಿ ಜೋಡಿಯನ್ನು ವಾಪಸು ತಂದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡರ ಮೈಯನ್ನೂ ತೊಳೆದು, ದಾರ ಬಿಚ್ಚಿ ದೇವರ ಗೂಡಿನಲ್ಲಿಟ್ಟು, ಬುಟ್ಟಿಗೆ ಹಾಕಿಕೊಂಡು ಹೊರಟ. ತುಂಗಾ ಅವರು ಎಣಿಸಿ, “ಆರು. ಈ ಬರದಲ್ಲೂ ಆರು ತಂದೆಯಲ್ಲ, ಭೇಷ್,” ಎಂದರು. ಎರಡು ವರ್ಷದಲ್ಲಿ ಅವರು ಭೇಷ್ ಎಂದದ್ದು ಅದೇ ಮೊದಲು. ಮುನಿಶಾಮಿ ತಲೆ ತಗ್ಗಿಸಿ ಗೋಣಿಗೆ ನೀರು ಚಿಮುಕಿಸಿದ.

ಬುಧವಾರ ಗೊರಗುಂಟೆಪಾಳ್ಯದಿಂದ ತಂಗಿಯ ಸೀಸೆಯನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಬಂದು ಕೊಟ್ಟ. ಬುಟ್ಟಿ ಆಗಲೇ ಕೋಣೆಯೊಳಗೆ ಹೋಗಿತ್ತು, ಜೋಡಿಯನ್ನು ಹೊರತೆಗೆಯಲು ಅವಕಾಶವೇ ಸಿಗಲಿಲ್ಲ. ಏಳೂವರೆಗೆ ಸೂಜಿ ಚುಚ್ಚಿದರು. ಮೊದಲಾಗಿದ್ದರೆ ಒಬ್ಬೊಬ್ಬರಿಗೆ ಎರಡೆರಡು ಕಪ್ಪೆಯಲ್ಲಿ ನೋಡುತ್ತಿದ್ದರು. ಕಪ್ಪೆಗೆ ಬರ ಬಂದದ್ದರಿಂದ ಆ ತಿಂಗಳು ಒಂದೊಂದೇ. ಕೋಣೆಯೊಳಗೆ ಯಾವ ಕಪ್ಪೆಗೆ ಚುಚ್ಚಿದರೆಂದು ಮುನಿಶಾಮಿಗೆ ತಿಳಿಯಲಿಲ್ಲ. ಹೊರಗಿನ ಜಗಲಿಯ ಮೇಲೆ ಕೂತು, ಗೊತ್ತಿದ್ದ ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಹೇಳಿದ.

ಹನ್ನೊಂದು ಗಂಟೆಗೆ ತುಂಗಾ ಹೊರಗೆ ಬಂದರು. “ಇಲ್ಲ ಮುನಿಶಾಮಿ. ಎರಡು ಸಲ ನೋಡಿದೆ, ಏನೂ ಇಲ್ಲ. ನಿನ್ನ ತಂಗಿ ಬಸುರಿಯಲ್ಲ,” ಎಂದು ಹೇಳಿ ಒಳಗೆ ಹೋದರು.

ಆರರಲ್ಲಿ ಐದು ಗಂಡೇ, ಡಾಕ್ಟರಮ್ಮ ಬೇರೆ ಎರಡು ಸಲ ನೋಡಿದ್ದಾರೆ ಎಂದು ಮುನಿಶಾಮಿ ನಂಬಿಬಿಟ್ಟ. ಸಂಜೆ ಹೋಗಿ ತಂಗಿಯ ಟ್ರಂಕು ಹೊತ್ತು ತರಬೇಕು. ಒಪ್ಪಿಕೊಂಡು ಬಂದವನು ತಾನೇ. ಇದ್ದ ಒಬ್ಬ ತಂಗಿಯ ಬಾಳನ್ನು ಒಯ್ದು ಕಪ್ಪೆಯ ಬಾಯಿಗೆ ಇಟ್ಟೆನಲ್ಲ ಎಂದು ಹಣೆ ಹಣೆ ಬಡಿದುಕೊಂಡ. ಆದರೂ ಕೆಲಸ ಕೆಲಸವೇ. ಚುಚ್ಚಿದ ಕಪ್ಪೆಗಳನ್ನು ಹಿತ್ತಿಲ ತೊಟ್ಟಿಗೆ ಬಿಡಬೇಕಾಗಿತ್ತು. ಒಳಗೆ ಹೋಗಿ ಕಾಲಿಗೆ ಬಟ್ಟೆಯ ಚೀಟಿ ಕಟ್ಟಿದ್ದ ಕಪ್ಪೆಗಳನ್ನು ಒಂದೊಂದಾಗಿ ಎತ್ತಿಕೊಂಡ. ನೂರಾ ಹದಿನಾಲ್ಕು ಎಂದು ಬರೆದದ್ದು ಕೈಗೆ ಬಂದಾಗ, ಎಲ್ಲಾ ನಿನ್ನಿಂದಲೇ ಎಂದು ಸಿಟ್ಟಿನಲ್ಲಿ ಒಸಿ ಬಿಗಿಯಾಗಿಯೇ ಹಿಡಿದ.

ಕಪ್ಪೆ ತುಟಿಪಿಟಕ್ಕೆನ್ನಲಿಲ್ಲ.

ಮತ್ತೆ ಅಮುಕಿದ. ಮೌನ. ತಿರುಗಿಸಿ ನೋಡಿದರೆ ಕತ್ತಿನ ಮಡಿಕೆಯಲ್ಲಿ ಅರಿಶಿನ ಇನ್ನೂ ಹಳದಿಯಾಗಿಯೇ ಇತ್ತು. ಯಜಮಾನನ ಬಚ್ಚಲ ಮದುಮಗಳು ಅವನ ಕೈಯಲ್ಲಿ ಕೂತು ಪಿಳಿಪಿಳಿ ಕಣ್ಣು ಬಿಟ್ಟಳು. ಮುನಿಶಾಮಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತಂಗಿ ಬಸುರಿ ಇರಬಹುದು, ಇಲ್ಲದೆಯೂ ಇರಬಹುದು. ಈ ಕಪ್ಪೆ ಮಾತ್ರ ಅದನ್ನು ಯಾವ ಕಾಲಕ್ಕೂ ಹೇಳಲಾರದು.

ಮೊದಲು ಜಾಣತನ ಮಾಡಿ ನೋಡಿದ. “ಅಮ್ಮಾವ್ರೇ, ಇನ್ನೊಂದ್ ಕಪ್ಪೇಲಿ ಒಂದ್ ಕಿತ ನೋಡಿ. ಸೀಸೇಲಿ ಇನ್ನೂ ಅರ್ಧ ಐತಲ್ಲ,” ಎಂದ.

“ತಂಗಿ ಅಂತ ಮತ್ತೆ ಮತ್ತೆ ನೋಡಿದ್ರೆ ಅದು ಸಂಶೋಧನೆ ಆಗೋದಿಲ್ಲಪ್ಪ. ಉಳಿದಿರೋ ಕಪ್ಪೆಗಳಿಗೆ ನಾಳೆ ಬೇರೆಯವರ ಸರದಿ ಇದೆ. ಕಾರಣ ಇಲ್ಲದೆ ಹೇಗೆ ಕೊಡಲಿ?”

ಕಾರಣ ಅವನ ಅಂಗೈಯಲ್ಲೇ ಕೂತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಸಂಜೆ ಐದಕ್ಕೆ ತಾಂಬೂಲ. ಮುನಿಶಾಮಿ ಕಪ್ಪೆಯನ್ನು ಅವರ ಮೇಜಿನ ಮೇಲಿಟ್ಟ.

“ಇದು ಎಣ್ಣು ಅಮ್ಮಾವ್ರೇ. ಗೊತ್ತಿದ್ದೇ ತಂದೆ.”

ತುಂಗಾ ಕನ್ನಡಕ ತೆಗೆದರು. ಮದುವೆ, ಪಾನಕ, ಕೊಕ್ಕರೆ, ಯಜಮಾನನ ಮಾತು, ಎಲ್ಲವನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ. “ಜೋಡಿ ಅಗಲಿಸ್ಬಾರ್ದು ಅಂದ್ರು. ನಂಗೂ ಅಗಲಿಸಾಕೆ ಮನಸ್ ಬರ್ಲಿಲ್ಲ. ಕಪ್ಪೆ ಸಂಸಾರಕ್ಕೇ ಊರೆಲ್ಲ ಇಷ್ಟು ಎದುರ್ಕೊಂತದೆ. ನನ್ ತಂಗಿ ಸಂಸಾರ ಮುರಿಯಾಕೆ ಯಾರ್ಗೂ ಎದುರ್ಕೆ ಇಲ್ಲ.” ಅಷ್ಟು ಹೇಳಿ ಟವಲಿನಲ್ಲಿ ಮುಖ ಒರೆಸಿಕೊಂಡ.

ತುಂಗಾ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಎದ್ದು, “ಇಲ್ಲಿರೋ ಪ್ರತಿಯೊಂದು ಕಪ್ಪೆಯನ್ನೂ ಈಗಲೇ, ನನ್ನೆದುರಿಗೆ ಅಮುಕು,” ಎಂದರು. ವಿಶ್ರಾಂತಿಗೆ ಬಿಟ್ಟ ತೊಟ್ಟಿಯವು, ಬುಟ್ಟಿಯವು, ಗಾಜಿನ ಪೆಟ್ಟಿಗೆಯವು, ಮೇಜಿನ ಮೇಲಿನದು ಸೇರಿ ಒಟ್ಟು ನಲವತ್ತೊಂದು ಇದ್ದವು. ಸಂಶೋಧನಾಲಯವೆಲ್ಲ ಕೊರ್ ಕೊರ್ ಎಂಬ ಬೈಗುಳದಿಂದ ತುಂಬಿಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಕಿಟಕಿಯಲ್ಲಿ ಇಣುಕಿ, ಡಾಕ್ಟರಮ್ಮನೇ ಬಗ್ಗಿ ಕಪ್ಪೆ ಹಿಡಿಯುವುದನ್ನು ಕಂಡು, ಮಳೆಗೆ ಪೂಜೆ ಮಾಡುತ್ತಿರಬೇಕೆಂದು ಕೈ ಮುಗಿದು ಹೋದರು. ನಲವತ್ತು ಬೈದವು. ಬೈಯದಿದ್ದದ್ದು ಒಂದೇ, ಮೇಜಿನ ಮೇಲಿನದು.

“ಸದ್ಯ, ಬೇರೆ ಯಾವುದೂ ಕೆಟ್ಟಿಲ್ಲ,” ಎಂದು ತುಂಗಾ ಪುಸ್ತಕ ತೆಗೆದು ನೂರಾ ಹದಿನಾಲ್ಕರ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಹೆಣ್ಣು ಕಪ್ಪೆ, ಪರೀಕ್ಷೆ ಅಸಿಂಧು’ ಎಂದು ಬರೆದರು. “ಇದು ಸರಿಯಾದ ಕಾರಣ. ಈಗ ಒಂದು ಗಂಡು ಕಪ್ಪೆ ತಗೊಂಡು ಬಾ. ನಾಳೆಯಿಂದ ಎಲ್ಲವನ್ನೂ ನಾನೇ ಅಮುಕಿ ನೋಡ್ತೀನಿ.”

“ನಾಳೆಯಿಂದ ಅಂದ್ರೆ, ನಾನು ಬರ್ಬೋದಾ ಅಮ್ಮಾವ್ರೇ?”

“ಇನ್ನು ಎಂಬತ್ತಾರು ಹೆಂಗಸರು ಬಾಕಿ ಇದಾರೆ. ಬಲೆ ಹಿಡಕೊಂಡು ನಾನು ಓಡಾಡಲಾ? ಹೋಗು, ತಗೊಂಡು ಬಾ.”

ಹನ್ನೆರಡೂವರೆಗೆ ಮತ್ತೆ ಚುಚ್ಚಿದರು. ಮೂರೂವರೆಗೆ ಅವರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, ನೀನೇ ನೋಡು ಎಂದು ಸನ್ನೆ ಮಾಡಿದರು. ಮುನಿಶಾಮಿಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಕಣ್ಣು ಅಗಲಿಸಿ ನೋಡಿದರೆ ಬೆಳ್ಳಗಿನ ಬಯಲಿನಲ್ಲಿ ದಾರದ ಚೂರುಗಳಂಥವು ಹತ್ತಾರು ನುಲಿದಾಡುತ್ತಿದ್ದವು. ಅವನು ಅವಕ್ಕೂ ಕೈ ಮುಗಿದು, ಸೈಕಲ್ ಹತ್ತಿ, ಗೊರಗುಂಟೆಪಾಳ್ಯದ ಕಡೆ ತುಳಿದ ತುಳಿತಕ್ಕೆ ದಾರಿಯಲ್ಲಿ ಚೈನು ಎರಡು ಸಲ ಕಳಚಿತು.

ನೆಲಮಂಗಲದವರು ಆಗಲೇ ಬಂದು ಚಾಪೆಯ ಮೇಲೆ ಕೂತಿದ್ದರು. ನಡುವೆ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಅಶ್ವತ್ಥಪ್ಪ ಹೊಸ ಅಂಗಿ ತೊಟ್ಟು, ಯಾರದೋ ಮದುವೆಗೆ ಬಂದವನಂತೆ ಮೂಲೆಯಲ್ಲಿ ಕೂತಿದ್ದ. ಯಲ್ಲಮ್ಮನ ಟ್ರಂಕು ಬಾಗಿಲ ಪಕ್ಕದಲ್ಲಿ ತಯಾರಾಗಿತ್ತು.

“ಕಪ್ಪೆ ಏನಂತು?” ಎಂದಳು ದೊಡ್ಡಮುನಿಯಮ್ಮ.

“ಊಂ ಅಂತು ಅತ್ತೆ. ನನ್ ಕಣ್ಣಾರೆ ನೋಡ್ದೆ.” ಬೆಳಗಿನ ಎಡವಟ್ಟನ್ನೂ ಬಚ್ಚಿಡದೆ ಹೇಳಿದ. ಒಂದು ವಾರಕ್ಕೆ ಒಂದು ಸುಳ್ಳೇ ಸಾಕಾಗಿತ್ತು ಅವನಿಗೆ.

ದೊಡ್ಡಮುನಿಯಮ್ಮ ಎಲ್ಲ ಕೇಳಿಕೊಂಡು, “ಎಣ್ಣು ಕಪ್ಪೆಗೇನ್ ಗೊತ್ತು ಪಾಪ,” ಎಂದಳು. ನೆಲಮಂಗಲದವರ ಕಡೆ ತಿರುಗಿ, ತಪ್ಪು ತಿಳಿಯಬೇಡಿ ಎಂದು ಕೈ ಜೋಡಿಸಿ, ತಟ್ಟೆಯನ್ನು ತಾನೇ ಎತ್ತಿ ಒಳಗಿಟ್ಟಳು. ಬಂದವರಿಗೆ ಊಟ ಹಾಕಿಸಿ, ಮರ್ಯಾದೆಯಿಂದ ಬಂಡಿ ಹತ್ತಿಸಿದಳು. ಸೊಸೆಯ ತಲೆ ಸವರಿ ಹೂ ಮುಡಿಸಿದಳು. ಆಡಿದ ಮಾತಿಗೆ ತಪ್ಪಲಿಲ್ಲ ಹೆಂಗಸು.

ಯಲ್ಲಮ್ಮ ಹೂ ಮುಡಿಸಿಕೊಂಡಳು. ಮುಡಿಸಿಕೊಂಡು ಸೀದಾ ಗಂಡನ ಮುಂದೆ ಬಂದು ನಿಂತಳು. “ಕಪ್ಪೆ ಊಹೂಂ ಅಂದಿದ್ರೆ ನೀನ್ ಏನ್ ಮಾಡ್ತಿದ್ದೆ?”

ಅಶ್ವತ್ಥಪ್ಪ ತಾಯಿಯ ಮುಖ ನೋಡಿದ.

“ಸರಿ ಬುಡು,” ಎಂದಳು ಯಲ್ಲಮ್ಮ. “ಅಣ್ಣ, ಟ್ರಂಕ್ ಎತ್ತು.” ಮುನಿಶಾಮಿ ಬಾಯಿ ಬಿಟ್ಟುಕೊಂಡು ನಿಂತ. ಬೆಳಗಿನಿಂದ ಆ ಟ್ರಂಕನ್ನು ಎತ್ತಬಾರದೆಂದೇ ಅವನು ಇಷ್ಟೆಲ್ಲ ಒದ್ದಾಡಿದ್ದು. ಅತ್ತೆ ಗದರಿದಳು, ಅಣ್ಣ ಬೇಡಿಕೊಂಡ. ಅವಳು ಯಾರ ಮಾತಿಗೂ ಜಗ್ಗಲಿಲ್ಲ, ಹೂವನ್ನೂ ತೆಗೆಯಲಿಲ್ಲ, ಸೈಕಲ್ಲಿನ ಹಿಂದೆ ಕೂತು ಹೆಬ್ಬಾಳಕ್ಕೆ ಬಂದುಬಿಟ್ಟಳು.

ಶನಿವಾರ ಮಧ್ಯಾಹ್ನ ಮುನಿಶಾಮಿ ತನ್ನ ಹಿತ್ತಿಲಲ್ಲಿ ಕಲ್ಲು ಮಗುಚುತ್ತಿರುವಾಗ ಎದುರಿಗೆ ಧೂಳು ಮೆತ್ತಿದ ಎರಡು ಪಾದಗಳು ಬಂದು ನಿಂತವು. ತಲೆ ಎತ್ತಿದರೆ ಅಶ್ವತ್ಥಪ್ಪ. ಗೊರಗುಂಟೆಪಾಳ್ಯದಿಂದ ನಡೆದೇ ಬಂದಿದ್ದ. ಹೊಸ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

ಯಲ್ಲಮ್ಮ ಹಿತ್ತಿಲ ಬಾಗಿಲಿಗೆ ಬಂದಳು. “ಯಾರನ್ ಕೇಳ್ಕೊಂಡ್ ಬಂದೆ?”

“ಯಾರ್ನೂ ಕೇಳ್ಲಿಲ್ಲ. ಅಮ್ಮನ ಮುಂದೆ ನಿಂತ್ಕೊಂಡು ಏಳ್ಬುಟ್ಟು ಬಂದೆ.”

“ಏನಂತ?”

“ಕೂಸು ಆಗ್ಲಿ ಬುಡ್ಲಿ, ನಂಗೆ ಇವಳೊಬ್ಬಳೇ ಎಂಡ್ತಿ ಅಂತ.”

ಯಲ್ಲಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. “ಅದಕ್ಕೆ ಅತ್ತೆ ಏನಂದ್ರು?”

ಅಶ್ವತ್ಥಪ್ಪ ಅಂಗಿಯ ತೋಳಿನಲ್ಲಿ ಹಣೆ ಒರೆಸಿಕೊಂಡ. “ಈ ಮಾತು ನೀನು ಮೊದ್ಲೇ ಆಡಿದ್ರೆ, ನಾನ್ಯಾಕ್ಲಾ ಕಪ್ಪೇನ ಕೇಳೋಕೆ ಓಗ್ತಿದ್ದೆ, ಅಂದ್ಲು.”